ರಜೆಯ ದಿನ ಕೀಳುವ ಆಲೂಗಡ್ಡೆ: ದಿನವನ್ನು ಹಿಂದಕ್ಕೆ ಎಣಿಸಿ ನೆಡಿ

ಪ್ರಶ್ನೆ: ಡಿಸೆಂಬರ್ ಕೊನೆಯ ವಾರದ ರಜೆಗೆ ಮಕ್ಕಳು, ಮೊಮ್ಮಕ್ಕಳು ಮನೆಗೆ ಬರುತ್ತಾರೆ. ಅವರ ಕೈಯಿಂದಲೇ ಆಲೂಗಡ್ಡೆ ಕೀಳಿಸಬೇಕೆಂದು ಆಸೆ. ಕಳೆದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, ಅಡುಗೆಮನೆಯಲ್ಲೇ ಮೊಳೆತಿದ್ದ ಗಡ್ಡೆಗಳನ್ನು ಹೋಳು ಮಾಡಿ ನಾಲ್ಕು ಗ್ರೋ ಬ್ಯಾಗಿಗೆ ಹಾಕಿದ್ದೆ. ಎರಡರಲ್ಲಿ ಗಿಡವೇ ಮೇಲೇಳಲಿಲ್ಲ. ಒಂದರ ಎಲೆ ನವೆಂಬರಿನಲ್ಲಿ ಕಪ್ಪಾಗಿ ಸುಟ್ಟಂತಾಯಿತು. ಉಳಿದ ಒಂದರಲ್ಲಿ ಸಿಕ್ಕಿದ್ದು ಗೋಲಿ ಗಾತ್ರದ ಗಡ್ಡೆಗಳು. ಎಲ್ಲಿ ತಪ್ಪಿತು? ಈ ಸಲ ಸಿಗುವ ಸಣ್ಣ ಗಡ್ಡೆಗಳನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಬಹುದೇ?

ಉತ್ತರ: ನಿಮ್ಮ ನಾಲ್ಕು ಚೀಲಗಳಲ್ಲಿ ಮೂರು ಬೇರೆ ಬೇರೆ ತೊಂದರೆಗಳಾಗಿವೆ. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು. ರಜೆಯ ಹೊತ್ತಿಗೆ ಆಲೂಗಡ್ಡೆ ಬೇಕು ಎನ್ನುವವರು ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಗಿಡ ಹಸಿರಾಗಿ ನಿಂತಿರಬೇಕು, ಅವತ್ತೇ ಕಿತ್ತು ಗಡ್ಡೆ ತೆಗೆಯಬೇಕು ಎಂದುಕೊಳ್ಳುತ್ತಾರೆ. ಹಾಗೆ ಲೆಕ್ಕ ಹಾಕಿದರೆ ಹೆಚ್ಚಿನ ಸಲ ಸೋಲೇ. ಗಿಡದ ಕೆಲಸ ನವೆಂಬರ್ ಕೊನೆಗೇ ಮುಗಿದಿರಬೇಕು. ಆಮೇಲಿನ ಮೂರ್ನಾಲ್ಕು ವಾರ ಗಡ್ಡೆ ಬೆಳೆಯುವುದಿಲ್ಲ, ಒಣಮಣ್ಣಿನೊಳಗೆ ಸುಮ್ಮನೆ ಕಾಯುತ್ತಿರುತ್ತದೆ. ನೀವು ನೆಡುವುದು ಡಿಸೆಂಬರ್ ಬೆಳೆಯನ್ನಲ್ಲ, ನವೆಂಬರ್ ಬೆಳೆಯನ್ನು. ಡಿಸೆಂಬರಿನವರೆಗೆ ಅದಕ್ಕೆ ಮಣ್ಣೇ ಉಗ್ರಾಣ. ಇದೊಂದು ಮನಸ್ಸಿಗೆ ಬಂದರೆ ಉಳಿದ ತೀರ್ಮಾನಗಳು ತಾವಾಗಿಯೇ ಸರಿಹೋಗುತ್ತವೆ.

ಈಗ ದಿನದ ಲೆಕ್ಕ. ಆಲೂಗಡ್ಡೆಯಲ್ಲಿ ಬೇಗ ಬರುವ ತಳಿಗಳಿಗೆ ನೆಟ್ಟಾಗಿನಿಂದ ಸುಮಾರು 70ರಿಂದ 90 ದಿನ, ಮಧ್ಯಮ ತಳಿಗಳಿಗೆ 90ರಿಂದ 110, ದೀರ್ಘಾವಧಿ ತಳಿಗಳಿಗೆ ಅದಕ್ಕೂ ಹೆಚ್ಚು ದಿನ ಬೇಕು. ಆದರೆ ಇವು ಬೆಳಕು ಚೆನ್ನಾಗಿರುವ ಕಾಲದ ಲೆಕ್ಕಗಳು. ವರ್ಷದ ಕೊನೆಯಲ್ಲಿ ಹಗಲು ದಿನೇ ದಿನೇ ಚಿಕ್ಕದಾಗುತ್ತಾ ಹೋಗುತ್ತದೆ, ಬಿಸಿಲಿನ ಖಾರವೂ ಇಳಿಯುತ್ತದೆ. ಭೂಮಧ್ಯರೇಖೆಯಿಂದ 50 ಡಿಗ್ರಿ ಉತ್ತರದಲ್ಲಿದ್ದವರಿಗೆ ಆಗಸ್ಟ್ ಕೊನೆಯಲ್ಲಿ ಹದಿಮೂರು ಗಂಟೆಗೂ ಮಿಕ್ಕಿ ಸಿಗುವ ಹಗಲು ಡಿಸೆಂಬರ್ ಕೊನೆಗೆ ಎಂಟು ಗಂಟೆಗೆ ಬಂದು ನಿಲ್ಲುತ್ತದೆ. 15 ಡಿಗ್ರಿಯಲ್ಲಿರುವವರಿಗೆ ಡಿಸೆಂಬರಿನಲ್ಲೂ ಹನ್ನೊಂದು ಗಂಟೆಗಿಂತ ಹೆಚ್ಚು ಬೆಳಕಿರುತ್ತದೆ. ಹಾಗಾಗಿ ಎಲ್ಲರಿಗೂ ಒಂದೇ ತಾರೀಕು ಹೇಳಲಾಗದು, ಲೆಕ್ಕದ ದಾರಿ ಮಾತ್ರ ಹೇಳಬಹುದು. ಕೀಳುವ ದಿನದಿಂದ ಮೂರ್ನಾಲ್ಕು ವಾರ ಹಿಂದಕ್ಕೆ ಬನ್ನಿ, ಅದು ಗಿಡದ ಕೆಲಸ ಮುಗಿಯುವ ದಿನ. ಅಲ್ಲಿಂದ ತಳಿಯ ಅವಧಿಯಷ್ಟು ಹಿಂದಕ್ಕೆ ಹೋಗಿ. ಚಳಿಗಾಲ ಗಟ್ಟಿಯಾಗಿರುವ, ಮಂಕು ಬೆಳಕಿನ ಜಾಗವಾದರೆ ಇನ್ನೂ ಎರಡು ಮೂರು ವಾರ ಸೇರಿಸಿಕೊಳ್ಳಿ.

90 ದಿನದ ತಳಿ, ಡಿಸೆಂಬರ್ 25ಕ್ಕೆ ಕೀಳಬೇಕು ಎಂದಿಟ್ಟುಕೊಳ್ಳಿ. ಬೆಳೆ ನವೆಂಬರ್ 25ರ ಸುಮಾರಿಗೆ ಮುಗಿಯಬೇಕು. ಚಳಿಯ ಊರಿನವರು ಆಗಸ್ಟ್ ಮೊದಲೆರಡು ವಾರದಲ್ಲೇ ನೆಡಬೇಕಾಗುತ್ತದೆ. ಚಳಿಗಾಲ ಮೆದುವಾಗಿರುವ ಕಡೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರವಾದರೂ ನಡೆಯುತ್ತದೆ. ನೀವು ಸೆಪ್ಟೆಂಬರ್ ಕೊನೆಗೆ ನೆಟ್ಟಿರಿ. ಗಿಡ ಮಣ್ಣಿನಿಂದ ಮೇಲೆ ಬರಲು ಎರಡು ಮೂರು ವಾರ ಹೋಯಿತು. ಎಲೆ ಹರಡಿಕೊಳ್ಳುವ ಹೊತ್ತಿಗೆ ಹಗಲು ಕುಗ್ಗಿತ್ತು. ಗೋಲಿ ಗಾತ್ರದ ಗಡ್ಡೆಗೆ ಮುಖ್ಯ ಕಾರಣ ಇದೇ.

ಇಲ್ಲಿ ಆಲೂಗಡ್ಡೆಯ ಸ್ವಭಾವ ಸ್ವಲ್ಪ ಅರ್ಥ ಮಾಡಿಕೊಂಡರೆ ಒಳ್ಳೆಯದು. ಗಡ್ಡೆ ಬೇರಲ್ಲ, ಕಾಂಡ. ನೆಲದೊಳಗೆ ಅಡ್ಡಡ್ಡ ಹೋಗುವ ಎಳೆಕಾಂಡದ ತುದಿ ಊದಿಕೊಂಡು ಗಡ್ಡೆಯಾಗುತ್ತದೆ. ಅದರ ಮೇಲಿರುವ ಕಣ್ಣುಗಳೆಲ್ಲ ಮೊಗ್ಗುಗಳು. ಈ ತುದಿ ಯಾವಾಗ ಊದಿಕೊಳ್ಳಬೇಕು ಎಂಬುದನ್ನು ಬಹುಮಟ್ಟಿಗೆ ಹಗಲಿನ ಉದ್ದ ಮತ್ತು ರಾತ್ರಿಯ ತಂಪು ನಿರ್ಧರಿಸುತ್ತವೆ. ಹಗಲು ಉದ್ದವಿದ್ದಾಗ ಗಿಡಕ್ಕೆ ಎಲೆ, ಕಾಂಡ ಬೆಳೆಸುವ ಹುಮ್ಮಸ್ಸು. ಹಗಲು ಚಿಕ್ಕದಾಗಿ ರಾತ್ರಿ ತಣ್ಣಗಾದಾಗ ಗಡ್ಡೆ ಕಟ್ಟುವ ಅವಸರ. ತಡವಾಗಿ ನೆಟ್ಟ ಗಿಡ ಅಂಗೈಯಗಲ ಎಲೆ ಬಿಡುವಷ್ಟರಲ್ಲೇ ಗಡ್ಡೆ ಕಟ್ಟಲು ಶುರುಮಾಡಿಬಿಡುತ್ತದೆ. ಗಡ್ಡೆಗಳು ಕಟ್ಟುತ್ತವೆ, ಸಂಖ್ಯೆಯಲ್ಲಿ ಕಡಿಮೆಯೇನೂ ಇರುವುದಿಲ್ಲ, ಆದರೆ ಅವನ್ನು ತುಂಬಿಸಲು ಬೇಕಾದ ಎಲೆ ಮೇಲಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಗಡ್ಡೆ ಸಣ್ಣದಾಯಿತೆಂದು ಗೊಬ್ಬರ ಸುರಿಯುತ್ತಾರೆ. ಗೊಬ್ಬರದಿಂದ ಕಳೆದುಹೋದ ಬೆಳಕು ವಾಪಸ್ ಬರುವುದಿಲ್ಲ.

ಹಾಗೆಂದು ತೀರಾ ಮುಂಚೆ ನೆಡುವುದಕ್ಕೂ ಮಿತಿ ಇದೆ. ಮಣ್ಣಿನ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಡ್ಡೆ ಕಟ್ಟಲು ಹಿತ. 30 ಡಿಗ್ರಿ ಸಮೀಪಿಸಿದರೆ ಗಡ್ಡೆ ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲ ನಡು ಮಧ್ಯಾಹ್ನದ ಬಿಸಿಲಿಗೆ ನಿಂತರೆ ಒಳಗಿನ ಮಣ್ಣು ಗಾಳಿಗಿಂತಲೂ ಬಿಸಿಯಾಗುತ್ತದೆ. ಆದ್ದರಿಂದ ಆಗಸ್ಟಿನಲ್ಲಿ ಧಗೆ ಇನ್ನೂ ಇಳಿಯದ ಕಡೆ ನೆಡುವವರು ಮೊದಲ ಮೂರ್ನಾಲ್ಕು ವಾರ ಚೀಲವನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ, ಮಣ್ಣಿನ ಮೇಲೆ ಒಣಹುಲ್ಲೋ ತರಗೆಲೆಯೋ ಹೊದಿಸಿ. ಬಿಸಿಲು ಇಳಿದಂತೆಲ್ಲ ಬೆಳಕಿನ ಕಡೆಗೆ ಸರಿಸುತ್ತಾ ಬನ್ನಿ. ನವೆಂಬರಿನಲ್ಲಿ ಅದೇ ಚೀಲಕ್ಕೆ ದಿನವಿಡೀ ಬೀಳುವ ಬಿಸಿಲು ಬೇಕು. ನೆಲದಲ್ಲಿ ನೆಟ್ಟವರಿಗೆ ಈ ಅನುಕೂಲ ಇಲ್ಲ. ತಡವಾದ ಬೆಳೆಗೆ ನೆಲಕ್ಕಿಂತ ಚೀಲವೇ ಮೇಲು ಎನ್ನಲು ಇದು ಮೊದಲ ಕಾರಣ, ಎರಡನೆಯದು ರೋಗದ ಮಾತು ಬಂದಾಗ.

ಇನ್ನು ಮೊಳೆಯದೇ ಹೋದ ಆ ಎರಡು ಚೀಲ. ಅಡುಗೆಗೆಂದು ತಂದ ಆಲೂಗಡ್ಡೆ ಬಿತ್ತನೆಗೆ ನಂಬಿಕಸ್ತನಲ್ಲ. ಅದು ಯಾವ ತಳಿ, ಎಷ್ಟು ದಿನದ್ದು ಎಂಬುದು ಗೊತ್ತಿರುವುದಿಲ್ಲ. ನಂಜುರೋಗ, ಅಂದರೆ ವೈರಸ್ ರೋಗ, ಹೊತ್ತುಕೊಂಡು ಬಂದಿರಬಹುದು. ಎಷ್ಟೋ ಸಲ ದಾಸ್ತಾನಿನಲ್ಲಿ ಮೊಳಕೆ ತಡೆಯುವ ರಾಸಾಯನಿಕವನ್ನೂ ಹಾಕಿರುತ್ತಾರೆ. ನಿಮ್ಮವು ಮೊಳೆತಿದ್ದವಾದ್ದರಿಂದ ದೋಷ ಬಹುಶಃ ಅಲ್ಲಿಲ್ಲ, ಹೋಳು ಮಾಡಿದ್ದರಲ್ಲಿದೆ. ತಂಪಿನ ಕಾಲದ ಮುಖ್ಯ ಬೆಳೆಗೆ ಗಡ್ಡೆ ಹೋಳು ಮಾಡಿ ನೆಡುವ ರೂಢಿ ಇದೆ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಮಾತ್ರ ಕತ್ತರಿಸಿದ ಭಾಗ ಮೊಳಕೆ ಏಳುವ ಮೊದಲೇ ಕೊಳೆಯುತ್ತದೆ. ಈ ಕಾಲಕ್ಕೆ ಕೋಳಿಮೊಟ್ಟೆ ಗಾತ್ರದ, 35ರಿಂದ 50 ಗ್ರಾಂ ತೂಕದ ಇಡೀ ಗಡ್ಡೆಯನ್ನೇ ನೆಡಿ. ಮೊಳಕೆ ಬರಿಸಲೆಂದು ವಾರಗಟ್ಟಲೆ ಬೆಳಕಿನಲ್ಲಿಡುವ ಅಗತ್ಯವೂ ಈಗಿಲ್ಲ. ಕಣ್ಣು ಎಚ್ಚೆತ್ತಿದ್ದರೆ ಸಾಕು, ಬೆಚ್ಚನೆಯ ಮಣ್ಣು ಉಳಿದದ್ದನ್ನು ಮಾಡುತ್ತದೆ.

ಕಣ್ಣು ಎಚ್ಚೆತ್ತಿರಬೇಕು ಎಂಬುದೇ ಇಲ್ಲಿನ ಕಷ್ಟದ ಮಾತು. ಹೊಸದಾಗಿ ಕಿತ್ತ ಗಡ್ಡೆಗೆ ಒಂದು ಸುಪ್ತಾವಸ್ಥೆ ಇರುತ್ತದೆ. ತಳಿ ನೋಡಿಕೊಂಡು ಎರಡು ಮೂರು ತಿಂಗಳು ಅದು ಏನು ಮಾಡಿದರೂ ಮೊಳೆಯುವುದಿಲ್ಲ. ಜುಲೈಯಲ್ಲಿ ಕಿತ್ತ ಗಡ್ಡೆಯನ್ನು ಆಗಸ್ಟಿನಲ್ಲಿ ನೆಟ್ಟರೆ ಅದು ಅಕ್ಟೋಬರಿನವರೆಗೆ ಮಣ್ಣಿನಲ್ಲಿ ನಿದ್ದೆ ಹೊಡೆಯುತ್ತದೆ. ಅದಕ್ಕೇ ತಡವಾದ ಬೆಳೆಗೆ ಬೇಕಾದದ್ದು ಹಿಂದಿನ ಹಂಗಾಮಿನಲ್ಲಿ ಕಿತ್ತು, ಶೀತಲಗೃಹದಲ್ಲಿಟ್ಟು, ಈಗ ಹೊರತೆಗೆದ ದೃಢೀಕೃತ ಬಿತ್ತನೆ ಗಡ್ಡೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವಾಗ ಕಿತ್ತದ್ದು? ತಂದ ಮೇಲೆ ಒಂದು ವಾರ ಬೆಚ್ಚಗಿನ, ಗಾಳಿಯಾಡುವ, ನೇರ ಬಿಸಿಲಿಲ್ಲದ ಕಡೆ ಹರಡಿಡಿ. ಕಣ್ಣಿನಲ್ಲಿ ಗಿಡ್ಡನೆಯ ದಪ್ಪ ಮೊಳಕೆ ಕಾಣಿಸಿದರೆ ನೆಡಬಹುದು. ಏನೂ ಕಾಣಿಸದಿದ್ದರೆ ಆ ಗಡ್ಡೆ ನಿಮ್ಮ ರಜೆಗೆ ಒದಗುವುದಿಲ್ಲ.

ತಳಿಯ ವಿಷಯದಲ್ಲಿ ಚೌಕಾಸಿ ಬೇಡ, ಬೇಗ ಬರುವುದನ್ನೇ ಹಿಡಿಯಿರಿ. ಕುಫ್ರಿ ಚಂದ್ರಮುಖಿ, ಕುಫ್ರಿ ಪುಖರಾಜ್, ಷಾರ್ಲೆಟ್, ಮಾರಿಸ್ ಪೀರ್ ಇಂಥವು. ಎಷ್ಟೇ ರುಚಿಯಿದ್ದರೂ 120 ದಿನದ ತಳಿ ಈ ಕೆಲಸಕ್ಕೆ ಬರುವುದಿಲ್ಲ.

ಚೀಲ 40 ಲೀಟರಿನದಾದರೆ ಮೂರು ಗಡ್ಡೆ, 15 ಲೀಟರಿನ ಕುಂಡವಾದರೆ ಒಂದೇ. ಇನ್ನೊಂದನ್ನು ತುರುಕಿದರೆ ಗಡ್ಡೆಗಳು ಹೆಚ್ಚುವುದಿಲ್ಲ, ಸಣ್ಣದಾಗುತ್ತವೆ. ತಳದಲ್ಲಿ ನೀರು ಬಸಿಯುವ ತೂತುಗಳಿರಲಿ. ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಹಗುರ ಮಾಡಲು ತೆಂಗಿನ ನಾರಿನ ಪುಡಿಯೋ ಮರಳೋ ಸೇರಿಸಿದ ಮಿಶ್ರಣ ಸಾಕು. ಹಸಿ ಸಗಣಿ, ಸುಣ್ಣ, ಒಲೆಯ ಬೂದಿ ಹತ್ತಿರ ತರಬೇಡಿ. ಆಲೂಗಡ್ಡೆಗೆ ಪಿಎಚ್ 5ರಿಂದ 6ರ ಸುತ್ತಲಿನ, ತುಸು ಹುಳಿಯ ಮಣ್ಣೇ ಇಷ್ಟ. ಬೂದಿಯಲ್ಲಿ ಪೊಟ್ಯಾಷ್ ಇದೆ, ಗಡ್ಡೆಗೆ ಒಳ್ಳೆಯದು ಎಂದು ಹಲವರು ಹಾಕುತ್ತಾರೆ. ಪೊಟ್ಯಾಷ್ ಇರುವುದು ನಿಜ, ಆದರೆ ಅದರ ಕ್ಷಾರದಿಂದ ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ. ಸಾರಜನಕವೂ ಮಿತಿಯಲ್ಲಿರಲಿ. ಎಲೆ ಸೊಂಪಾಗಿ ಬಂದಷ್ಟೂ ಗಡ್ಡೆ ತಡವಾಗುತ್ತದೆ, ನಿಮಗೆ ಕೈಯಲ್ಲಿ ಸಮಯವಿಲ್ಲ.

ಚೀಲದ ಮೂರನೇ ಒಂದು ಭಾಗ ಮಣ್ಣು ತುಂಬಿ, ಗಡ್ಡೆ ಇಟ್ಟು, ಮೇಲೆ ಸುಮಾರು 10 ಸೆಂಟಿಮೀಟರ್ ಮಣ್ಣು ಮುಚ್ಚಿ. ಗಿಡ ಗೇಣುದ್ದ ಬಂದಾಗ ಮುಕ್ಕಾಲು ಗಿಡ ಮುಚ್ಚುವಷ್ಟು ಮಣ್ಣೇರಿಸಿ. ಚೀಲದ ಬಾಯಿ ಹತ್ತಿರವಾಗುವವರೆಗೆ ಹೀಗೆ ಇನ್ನೊಂದೆರಡು ಸಲ. ಮಣ್ಣೇರಿಸಿದಷ್ಟೂ ಮಹಡಿ ಮಹಡಿಯಾಗಿ ಗಡ್ಡೆ ಕಟ್ಟುತ್ತದೆ, ಆಳೆತ್ತರದ ಗೂಡು ಕಟ್ಟಿದರೆ ಬುಟ್ಟಿಗಟ್ಟಲೆ ಸಿಗುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಬೇಗ ಬರುವ ತಳಿಗಳಲ್ಲಿ ಅದು ನಡೆಯದು, ಅವು ಬಿತ್ತನೆ ಗಡ್ಡೆಯ ಆಸುಪಾಸಿನ ಒಂದೇ ಪದರದಲ್ಲಿ ಗಡ್ಡೆ ಕಟ್ಟಿ ಮುಗಿಸುತ್ತವೆ. ಮಣ್ಣೇರಿಸುವುದು ಬೆಳಕು ತಾಗಿ ಗಡ್ಡೆ ಹಸಿರಾಗದಿರಲಿ ಎಂದು. ಬೆಚ್ಚಗಿನ ಪ್ರದೇಶಗಳಲ್ಲಿ ಆಲೂಗಡ್ಡೆ ಪತಂಗ ಮಣ್ಣಿನ ಬಿರುಕಿನಲ್ಲಿ ಇಣುಕುವ ಗಡ್ಡೆಗಳ ಮೇಲೆ ಮೊಟ್ಟೆಯಿಡುತ್ತದೆ, ಅದಕ್ಕೂ ಇದೇ ತಡೆ.

ನೀರು ಸಮನಾಗಿರಬೇಕು. ವಾರವೆಲ್ಲ ಒಣಗಿಸಿ ಒಂದು ದಿನ ಮುಳುಗಿಸಿದರೆ ಗಡ್ಡೆ ಬಿರಿಯುತ್ತದೆ, ಒಳಗೆ ಟೊಳ್ಳಾಗುತ್ತದೆ, ಕಜ್ಜಿಯೂ ಹೆಚ್ಚುತ್ತದೆ. ಗಡ್ಡೆ ಕಟ್ಟಲು ಶುರುವಾಗುವ ಹೊತ್ತು, ಅಂದರೆ ಗಿಡ ಮೇಲೆದ್ದು ಮೂರ್ನಾಲ್ಕು ವಾರವಾದಾಗ, ಮಣ್ಣು ಒಣಗಲು ಬಿಡಲೇಬೇಡಿ. ಹೂ ಬರಲಿ ಎಂದು ಕಾಯುವುದೂ ಬೇಡ. ತಡವಾದ ಬೆಳೆಯಲ್ಲಿ ಎಷ್ಟೋ ಗಿಡ ಹೂವೇ ಬಿಡುವುದಿಲ್ಲ, ಗಡ್ಡೆ ಮಾತ್ರ ಕಟ್ಟಿರುತ್ತದೆ. ನೀರನ್ನು ಬುಡಕ್ಕೆ ಹಾಕಿ, ಅದೂ ಬೆಳಿಗ್ಗೆ. ಎಲೆ ನೆನೆಸಬೇಡಿ. ಕಾರಣ ಮುಂದೆ ಹೇಳುತ್ತೇನೆ.

ನವೆಂಬರಿನಲ್ಲಿ ಕಪ್ಪಾದ ನಿಮ್ಮ ಮೂರನೇ ಚೀಲಕ್ಕೆ ಬಂದದ್ದು ಅಂಗಮಾರಿ ಇರಬೇಕು. ಚಳಿಗೆ ಸುಟ್ಟಿದ್ದರೆ ಒಂದೇ ರಾತ್ರಿಯಲ್ಲಿ ಎಲ್ಲ ಗಿಡಗಳೂ ಒಟ್ಟಿಗೆ ಬಾಡುತ್ತಿದ್ದವು. ಅಂಗಮಾರಿ ಎಲೆಯ ತುದಿ, ಅಂಚಿನಲ್ಲಿ ನೀರು ಕುಡಿದಂಥ ಕಂದು ಮಚ್ಚೆಯಾಗಿ ಶುರುವಾಗುತ್ತದೆ. ಬೆಳಗಿನ ಹೊತ್ತು ಎಲೆ ಮಗುಚಿ ನೋಡಿದರೆ ಮಚ್ಚೆಯ ಸುತ್ತ ಬಿಳಿ ಬೂಸು ಕಾಣುತ್ತದೆ. ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಎಂಬ ಜೀವಿ ಇದಕ್ಕೆ ಕಾರಣ. 1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ಬಂದು ಮಹಾಕ್ಷಾಮ ತಂದದ್ದು ಇದೇ. ಬೀಜಾಣು ಗಾಳಿಯಲ್ಲಿ ಬರುತ್ತದೆ, ಆದರೆ ಒದ್ದೆ ಎಲೆಯಿಲ್ಲದೆ ಒಳಹೊಕ್ಕುವುದಿಲ್ಲ. ಬೆಳೆಗಾರರಿಗೆ ಎಚ್ಚರಿಕೆ ಕೊಡಲು ಬಳಸುವ ಹಟನ್ ಮಾನದಂಡದಲ್ಲಿ ನೋಡುವುದು ಎರಡೇ ಸಂಗತಿ: ಸತತ ಎರಡು ದಿನ ಕನಿಷ್ಠ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯದೆ, ದಿನಕ್ಕೆ ಕನಿಷ್ಠ ಆರು ಗಂಟೆ ಗಾಳಿಯ ತೇವಾಂಶ ಶೇ 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗಕ್ಕೆ ದಾರಿಯಾಯಿತು. ಮಳೆ, ಮಂಜು, ಇಬ್ಬನಿಯ ದಿನಗಳಲ್ಲಿ ಅದೇನು ಅಪರೂಪವಲ್ಲ.

ಮನೆಮಟ್ಟಿಗೆ ಇದಕ್ಕೆ ದೊಡ್ಡ ಔಷಧಿ ಎಂದರೆ ಸೂರು. ಚೀಲವನ್ನು ಎತ್ತಿ ಜಗುಲಿಯಂಚಿಗೋ, ಮೇಲೆ ಪಾರದರ್ಶಕ ಹಾಳೆ ಕಟ್ಟಿ ಬದಿಯೆಲ್ಲ ಗಾಳಿಗೆ ತೆರೆದ ಕಡೆಗೋ ಇಟ್ಟರೆ ಎಲೆಯ ಮೇಲೆ ಮಳೆ, ಇಬ್ಬನಿ ಬೀಳುವುದು ತಪ್ಪುತ್ತದೆ, ಅರ್ಧ ಯುದ್ಧ ಗೆದ್ದಂತೆ. ಚೀಲವೇ ಮೇಲು ಎಂದದ್ದಕ್ಕೆ ಎರಡನೆಯ ಕಾರಣ ಇದು. ನಾಲ್ಕೂ ಕಡೆ ಪ್ಲಾಸ್ಟಿಕ್ ಸುತ್ತಿ ಗಾಳಿ ಕಟ್ಟಿದಿರೋ, ಒಳಗೇ ತೇವ ನಿಂತು ಇನ್ನೂ ಕೆಡುತ್ತದೆ. ಪಕ್ಕದಲ್ಲಿ ರೋಗ ತಗುಲಿದ ಟೊಮೆಟೊ ಗಿಡವಿದ್ದರೆ ಮೊದಲು ಅದನ್ನು ತೆಗೆಯಿರಿ, ಇಬ್ಬರಿಗೂ ಒಂದೇ ಕಾಯಿಲೆ. ತಾಮ್ರಯುಕ್ತ ಶಿಲೀಂಧ್ರನಾಶಕಗಳು ರೋಗ ಬರುವ ಮುಂಚೆ ಎಲೆಗೆ ಕಾವಲಾಗುತ್ತವೆ, ಬಂದ ಮೇಲೆ ಗುಣಪಡಿಸುವುದಿಲ್ಲ. ನವೆಂಬರಿನಲ್ಲಿ ರೋಗ ಕಂಡರೆ ಸಿಂಪಡಿಸಲು ಓಡಾಡುವುದಕ್ಕಿಂತ ಕತ್ತರಿ ಹಿಡಿಯುವುದೇ ಜಾಣತನ. ಗಿಡವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಎಲೆ ಕಾಂಡವನ್ನೆಲ್ಲ ದೂರ ಸಾಗಿಸಿ. ತಡಮಾಡಿದರೆ ಬೀಜಾಣು ನೀರಿನೊಂದಿಗೆ ಮಣ್ಣಿಗಿಳಿದು ಗಡ್ಡೆಗೂ ತಗಲುತ್ತದೆ, ಮಣ್ಣಿನೊಳಗೇ ಕೊಳೆತು ನಾರುತ್ತದೆ. ಕತ್ತರಿಸಿದ ಕೂಡಲೇ ಗಡ್ಡೆ ಕೀಳಲೂಬೇಡಿ. ಎರಡು ಮೂರು ವಾರ ಬಿಟ್ಟರೆ ಮೇಲ್ಮಣ್ಣಿನಲ್ಲಿರುವ ಬೀಜಾಣುಗಳು ಸಾಯುತ್ತವೆ, ಸಿಪ್ಪೆಯೂ ಗಟ್ಟಿಯಾಗುತ್ತದೆ.

ರೋಗ ಬರದಿದ್ದರೂ ಮಾಡಬೇಕಾದ್ದು ಇದನ್ನೇ. ನವೆಂಬರ್ ಕೊನೆಗೆ ಎಲೆ ಹಳದಿಯಾಗಿದ್ದರೆ ಸರಿ, ಹಸಿರೇ ಇದ್ದರೂ ಕತ್ತರಿಸಿಬಿಡಿ. ಮನಸ್ಸು ಬರುವುದಿಲ್ಲ, ಗೊತ್ತು. ಇನ್ನೊಂದು ವಾರ ಬಿಟ್ಟರೆ ಇನ್ನಷ್ಟು ದಪ್ಪವಾದೀತು ಎನಿಸುತ್ತದೆ. ಮಂಕು ಬೆಳಕಿನಲ್ಲಿ ಆ ವಾರದಿಂದ ಸಿಗುವುದು ಅಲ್ಪ. ಎಳೆ ಸಿಪ್ಪೆ ಸುಲಿದುಕೊಂಡು ಕೈಗೆ ಬರುವ, ಎರಡೇ ದಿನಕ್ಕೆ ಬಾಡುವ ಗಡ್ಡೆಯ ನಷ್ಟ ದೊಡ್ಡದು. ಕತ್ತರಿಸುವ ಮೊದಲು ಚೀಲದ ಪಕ್ಕದಿಂದ ಕೈ ತೂರಿಸಿ ಒಂದೆರಡು ಗಡ್ಡೆ ತೆಗೆದು ನೋಡಬಹುದು. ಇನ್ನೂ ಗೋಲಿಯಷ್ಟೇ ಇದ್ದು, ಎಲೆ ಆರೋಗ್ಯವಾಗಿದ್ದು, ಬಿಸಿಲೂ ಇದ್ದರೆ ಮಾತ್ರ ಹತ್ತು ದಿನ ಕೊಡಿ. ಎಳೆಸಿಪ್ಪೆಯ ಗಡ್ಡೆಯೇ ಇಷ್ಟ, ಕಿತ್ತ ದಿನವೇ ಬೇಯಿಸುತ್ತೇವೆ ಎನ್ನುವವರಿಗೂ ಅಷ್ಟು ಸಡಿಲಿಕೆ ಇದೆ.

ಕತ್ತರಿಸಿದ ಮೇಲೆ ನೀರು ನಿಲ್ಲಿಸಿ. ಮಳೆ ಬೀಳದ ಕಡೆ ಚೀಲ ಸರಿಸಿ, ಮೇಲೆ ಒಂದು ಪದರ ಒಣಮಣ್ಣು ಹರಡಿ, ಬಾಯಿಗೆ ಗೋಣಿ ಮುಚ್ಚಿ. ಹೆಪ್ಪುಗಟ್ಟುವ ಚಳಿಯ ಊರಾದರೆ ಸುತ್ತಲೂ ಗೋಣಿ ಸುತ್ತಬೇಕು, ಇಲ್ಲವೇ ಚೀಲವನ್ನು ಒಳಗೆಳೆಯಬೇಕು. ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಾದರೆ ಗಡ್ಡೆಯೊಳಗಿನ ನೀರೂ ಹೆಪ್ಪುಗಟ್ಟುತ್ತದೆ, ಕರಗಿದಾಗ ಮೆತ್ತಗಾಗಿ ಕೊಳೆಯುತ್ತದೆ. ನೆಲದ ಮಣ್ಣು ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಚೀಲಕ್ಕೆ ನಾಲ್ಕೂ ಕಡೆಯಿಂದ ಚಳಿ. ಚೀಲಕ್ಕಿರುವ ದೊಡ್ಡ ದೌರ್ಬಲ್ಯ ಅದೊಂದೇ.

ಹೆಪ್ಪುಗಟ್ಟದಿದ್ದರೂ ಮಣ್ಣು ಆರೇಳು ಡಿಗ್ರಿಗಿಂತ ಕೆಳಗೆ ಹಲವು ದಿನ ಇದ್ದರೆ ಗಡ್ಡೆಯ ಪಿಷ್ಟ ಸಕ್ಕರೆಯಾಗತೊಡಗುತ್ತದೆ. ಬೇಯಿಸಿದರೆ ಸ್ವಲ್ಪ ಸಿಹಿ, ಅಷ್ಟೇ. ಕರಿದರೆ ಮಾತ್ರ ಬೇಗ ಕಪ್ಪಾಗುತ್ತದೆ, ಅಕ್ರಿಲಮೈಡ್ ಎಂಬ ಬೇಡದ ವಸ್ತುವೂ ಹೆಚ್ಚು ಉಂಟಾಗುತ್ತದೆ. ರಜೆಯಲ್ಲಿ ಕರಿಯುವ ಯೋಚನೆ ಇದ್ದರೆ ಒಂದು ಚೀಲವನ್ನು ಒಂದೆರಡು ವಾರ ಮೊದಲೇ ಕಿತ್ತು ಗಡ್ಡೆಗಳನ್ನು ಕತ್ತಲಲ್ಲಿ, 15ರಿಂದ 18 ಡಿಗ್ರಿಯಲ್ಲಿ ಇಡಿ. ಸಕ್ಕರೆಯಲ್ಲಿ ಒಂದಷ್ಟು ಮರಳಿ ಇಳಿಯುತ್ತದೆ. ಮೊಮ್ಮಕ್ಕಳಿಗೆ ಉಳಿದ ಚೀಲಗಳು ಇದ್ದೇ ಇವೆ.

ಅವರು ಕೀಳುವ ದಿನ ದೊಡ್ಡ ಬಟ್ಟೆಯೋ ಟಾರ್ಪಾಲೋ ಹಾಸಿ ಚೀಲವನ್ನು ಮಗುಚಿ, ಕೈಯಲ್ಲೇ ಹುಡುಕಲು ಬಿಡಿ. ಸಲಿಕೆ ಕೊಟ್ಟರೆ ಅರ್ಧ ಗಡ್ಡೆಗೆ ಗಾಯ. ಹಸಿರಾದವನ್ನು ಬೇರೆ ಮಾಡಿ ಎಸೆಯಿರಿ. ಹಸಿರು ಬಣ್ಣ ಪತ್ರಹರಿತ್ತಿನದೇ ಆದರೂ ಬೆಳಕು ತಾಗಿದಲ್ಲಿ ಸೊಲನೈನ್, ಚಾಕೊನೈನ್ ಎಂಬ ವಿಷಗಳೂ ಹೆಚ್ಚುತ್ತವೆ, ಬೇಯಿಸಿದರೂ ಅವು ಹೋಗುವುದಿಲ್ಲ. ಹೂ ಬಿಟ್ಟ ಗಿಡದಲ್ಲಿ ಪುಟ್ಟ ಹಸಿರು ಟೊಮೆಟೊದಂಥ ಕಾಯಿ ಕಂಡರೆ ಅದೂ ವಿಷವೇ, ಮಕ್ಕಳಿಗೆ ಮೊದಲೇ ಹೇಳಿಡಿ. ಇಳುವರಿಯ ಬಗ್ಗೆ ಆಸೆ ಹದದಲ್ಲಿರಲಿ. ಮುಖ್ಯ ಹಂಗಾಮಿನಲ್ಲಿ ಅದೇ ಚೀಲ ಕೊಡುವುದರ ಅರ್ಧದಷ್ಟು ಬಂದರೂ ತಡವಾದ ಬೆಳೆ ಚೆನ್ನಾಗಿ ಬಂತು ಎಂದೇ ನಾನು ಹೇಳುತ್ತೇನೆ. ಒಂದೂಟಕ್ಕೆ ಎಲ್ಲರಿಗೂ ಸಾಲಬೇಕಾದರೆ ನಾಲ್ಕರ ಬದಲು ಆರು ಚೀಲ ಹಾಕಿ.

ಕೊನೆಯ ಪ್ರಶ್ನೆ, ಸಣ್ಣ ಗಡ್ಡೆಗಳನ್ನು ಬಿತ್ತನೆಗೆ ಇಡುವ ಬಗ್ಗೆ. ಬೇಡ ಎನ್ನುತ್ತೇನೆ. ಡಿಸೆಂಬರಿನಲ್ಲಿ ಕಿತ್ತದ್ದು ಮುಂದಿನ ಎರಡು ಮೂರು ತಿಂಗಳು ಮೊಳೆಯುವುದಿಲ್ಲ ಎಂಬುದು ದೊಡ್ಡ ಅಡ್ಡಿಯೇನಲ್ಲ, ಕಾಯಬಹುದು. ಆದರೆ ಗಿಡಹೇನು ಹರಡುವ ನಂಜುರೋಗ ಒಂದು ಬೆಳೆಯಿಂದ ಇನ್ನೊಂದಕ್ಕೆ ಗಡ್ಡೆಯ ಮೂಲಕವೇ ದಾಟುತ್ತದೆ, ಸಣ್ಣ ಗಡ್ಡೆ ಕೊಟ್ಟ ಗಿಡ ಅದರಿಂದಲೇ ಸೊರಗಿದ್ದಿರಬಹುದು. ಅಂಗಮಾರಿ ಬಂದ ಚೀಲದ ಗಡ್ಡೆಯನ್ನಂತೂ ಇಡಲೇಬೇಡಿ. ಆ ಮಣ್ಣನ್ನೂ ಮತ್ತೆ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿಗೆ ಬಳಸದೆ ಸೊಪ್ಪಿಗೋ ಹುರುಳಿಕಾಯಿಗೋ ಕೊಡಿ. ಸುರಿಯುವ ಮುನ್ನ ಒಮ್ಮೆ ಜರಡಿ ಹಿಡಿಯಿರಿ, ಉಳಿದುಹೋದ ಬಟಾಣಿಯಷ್ಟು ಗಡ್ಡೆಯೂ ಮುಂದೆ ಗಿಡವಾಗಿ ಎದ್ದು ರೋಗ ಸಾಕಿಕೊಂಡಿರುತ್ತದೆ.